ಪುಟ್ಟಾ, ಮುಚ್ಚಿಟ್ಟುಕೊಳ್ಳಬೇಡ, ತೋರಿಸಿಬಿಡು

ಪ್ರೀತಿಯ ಪುಟ್ಟ,

ರಾತ್ರಿ ನೀನು ಕಳಿಸಿದ ಮೆಸೇಜ್ ಬೆಳಿಗ್ಗೆ ನೋಡಿದೆ. ಅಕ್ಕನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. 'ಅಲ್ಲಿ', ಅಂದರೆ ಜನನಾಂಗದ ಹತ್ತಿರ, ಗುಳ್ಳೆ ಎದ್ದಿದೆ ಅಂತ ಬರೆಯಲು ನಿನಗೆ ಎಷ್ಟು ಸಂಕೋಚ ಆಗಿರಬೇಕು! ನಿನ್ನ ವಯಸ್ಸಲ್ಲಿ ನಾನು ಯಾರ ಹತ್ತಿರವೂ ಬಾಯಿಬಿಡಲಿಲ್ಲ.

ಹಾಸ್ಟೆಲ್‌ನಲ್ಲಿದ್ದಾಗ ನನಗೂ ಆಗಿತ್ತು. ಕಡಲೆಬೇಳೆಯಷ್ಟು ಕೆಂಪು ಗಂಟುಗಳು. ಹಗಲು ಹೇಗೋ ತಡೆಯುತ್ತಿದ್ದೆ, ರಾತ್ರಿ ಹೊದ್ದು ಮಲಗಿದರೆ ಕೆರೆದು ಕೆರೆದು ರಕ್ತ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಟ್ಯೂಬ್ ಹಚ್ಚಿದೆ. ಎರಡು ದಿನ ತಣ್ಣಗಾಯಿತು, ಆಮೇಲೆ ತೊಡೆ, ಹೊಟ್ಟೆಗೆಲ್ಲ ಹಬ್ಬಿತು. ಎರಡು ತಿಂಗಳು ಒದ್ದಾಡಿ ಚರ್ಮದ ಡಾಕ್ಟರ್ ಹತ್ತಿರ ಹೋದರೆ, ಅವರು ಮೊದಲು ನೋಡಿದ್ದು ನನ್ನ ಬೆರಳ ಸಂದಿ. ಕಜ್ಜಿ! ಚರ್ಮದೊಳಗೆ ಸೇರಿಕೊಳ್ಳುವ ಸಣ್ಣ ಹುಳದಿಂದ ಬರುವುದು, ಬೆರಳ ಸಂದಿಯಲ್ಲಿ ಸುಲಭವಾಗಿ ಕಾಣುತ್ತದೆ. ಟ್ಯೂಬಿನಲ್ಲಿದ್ದದ್ದು ಸ್ಟೆರಾಯ್ಡ್, ತುರಿಕೆ ಅಡಗಿಸುತ್ತದೆ, ಹುಳ ಸಾಯಿಸುವುದಿಲ್ಲ. ರೂಮಿನ ಮೂವರೂ ಒಂದೇ ರಾತ್ರಿ ಕತ್ತಿನಿಂದ ಪಾದದವರೆಗೆ ಡಾಕ್ಟರ್ ಕೊಟ್ಟ ಪರ್ಮೆತ್ರಿನ್ ಅನ್ನೋ ಹುಳ ಸಾಯಿಸುವ ಕ್ರೀಮ್ ಹಚ್ಚಿಕೊಂಡು, ಬಟ್ಟೆ, ಬೆಡ್‌ಶೀಟೆಲ್ಲ ಬಿಸಿನೀರಲ್ಲಿ ಒಗೆದು, ವಾರ ಬಿಟ್ಟು ಮತ್ತೊಮ್ಮೆ ಹಚ್ಚಿದ ಮೇಲೆ ಹೋಯಿತು.

ಎಲ್ಲ ಗುಳ್ಳೆಯೂ ರೋಗವಲ್ಲ. ಶೇವ್ ಮಾಡಿದ ಮೇಲೆ ಎದ್ದು, ನಡುವೆ ಕೂದಲು ಕಾಣಿಸಿದರೆ ಅದು ಕೂದಲ ಬುಡದ ಗುಳ್ಳೆ ಇರಬಹುದು, ರೇಜರ್ ಬಿಟ್ಟುಬಿಡು. ಶಿಶ್ನದ ತುದಿಯ ಅಂಚಿನಲ್ಲಿ ಒಂದೇ ಅಳತೆಯ ಸಣ್ಣ ಮಣಿಗಳು ಸಾಲಾಗಿ ಇರುವುದು ಎಷ್ಟೋ ಗಂಡಸರಿಗೆ ಸಹಜ, ಯಾರಿಗೂ ಅಂಟುವುದಿಲ್ಲ. ಹೊಳೆಯುವ ಗುಳ್ಳೆಯ ನಡುವೆ ಗುಳಿ ಇದ್ದರೆ ಮೊಲಸ್ಕಮ್ ಅನ್ನೋ ವೈರಸ್ ಸೋಂಕು, ಹೂಕೋಸಿನ ಹಾಗೆ ಬೆಳೆದರೆ ಎಚ್‌ಪಿವಿ ವೈರಸ್ಸಿನ ನರಹುಲಿ ಇರಬಹುದು. ಕೈಯ ನರಹುಲಿಗೆ ಹಾಕುವ ಆಸಿಡ್ ಅಲ್ಲಿ ಹಾಕಲೇಬೇಡ. ನೀರ್ಗುಳ್ಳೆಗಳು ಗುಂಪಾಗಿ ಎದ್ದು ಉರಿದರೆ ಹರ್ಪಿಸ್ ಅನ್ನೋ ವೈರಸ್ಸಿನ ಅನುಮಾನ, ಮಾತ್ರೆ ಬೇಗ ಶುರುವಾದಷ್ಟೂ ಒಳ್ಳೆಯದು.

ನನಗೆ ಜಾಸ್ತಿ ಭಯ ನೋವಿಲ್ಲದ ಹುಣ್ಣಿನದು. ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗದ ಹುಣ್ಣು ಸಾಮಾನ್ಯವಾಗಿ ಸೋಂಕು ತಗುಲಿ 3 ವಾರಕ್ಕೆ ಬರುತ್ತದೆ, ಔಷಧಿ ಇಲ್ಲದೆಯೇ ಕೆಲವು ವಾರದಲ್ಲಿ ಮಾಯುತ್ತದೆ. ಸದ್ಯ, ಹೋಯ್ತು ಅಂದುಕೊಳ್ಳುತ್ತೇವೆ, ಅಲ್ವಾ? ರೋಗ ಒಳಗೇ ಇರುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ, ಪೆನಿಸಿಲಿನ್ ಇಂಜೆಕ್ಷನ್‌ಗೆ ಗುಣವಾಗುತ್ತದೆ.

ಇದನ್ನೆಲ್ಲ ಓದಿ ನೀನೇ ತೀರ್ಮಾನ ಮಾಡಬೇಡ, ಕಣ್ಣಿಗೆ ಒಂದೇ ಥರ ಕಾಣುವವು ಬೇಕಾದಷ್ಟಿವೆ. ಜ್ವರ, ಕೀವು, ಊತ, ತೊಡೆಸಂದಿಯಲ್ಲಿ ಗಂಟು, ಮೂತ್ರಕ್ಕೆ ತೊಂದರೆ, ಇವುಗಳಲ್ಲಿ ಯಾವುದಿದ್ದರೂ ಇವತ್ತೇ ಹೋಗು. ಇಲ್ಲದಿದ್ದರೂ ಈ ವಾರ ದಾಟಿಸಬೇಡ. ಜಿಲ್ಲಾ ಆಸ್ಪತ್ರೆಯಲ್ಲಿ ಲೈಂಗಿಕ ರೋಗಗಳನ್ನು ನೋಡುವ ಸುರಕ್ಷಾ ಕ್ಲಿನಿಕ್‌ನಲ್ಲಿ ದುಡ್ಡಿಲ್ಲದೆ ನೋಡುತ್ತಾರೆ, ವಿಷಯ ಗುಟ್ಟಾಗಿಡುತ್ತಾರೆ. ಮೊದಲು ಫೋನಲ್ಲಿ ಕೇಳಬೇಕು ಅನ್ನಿಸಿದರೆ ಏಡ್ಸ್ ಸಹಾಯವಾಣಿ 1097 ಇದೆ, ಅದೂ ಉಚಿತ. ಯಾರ ಜೊತೆಗಾದರೂ ಸಂಬಂಧ ಇದ್ದರೆ ಡಾಕ್ಟರಿಗೆ ಮುಚ್ಚಿಡಬೇಡ, ನಾನೂ ಕೇಳುವುದಿಲ್ಲ. ಅವರು ನೋಡುವವರೆಗೆ ಕೂಡುವುದು ಬೇಡ. ಸೋಂಕು ಅಂತ ಗೊತ್ತಾದರೆ ಅವಳಿಗೂ ಹೇಳು, ಅವಳೂ ತೋರಿಸಿಕೊಳ್ಳಬೇಕು.

ಹೋಗುವ ತನಕ ಚಿವುಟಬೇಡ, ಏನೂ ಹಚ್ಚಬೇಡ. ಒಬ್ಬನೇ ಹೋಗಲು ಮುಜುಗರ ಆದರೆ ಫೋನ್ ಮಾಡು, ಬಸ್ ಹತ್ತಿ ಬರುತ್ತೇನೆ, ನೀನು ಒಳಗೆ ಹೋಗಿ ಬರುವವರೆಗೆ ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ.

ನಿನ್ನ
ಮಾವ