ಅವೆನ್ಯೂ ರಸ್ತೆಯ ಅಣ್ಣನಿಗೆ

ಎಂಟು ತಿಂಗಳು ಒಂದು ಗೆರೆಯೂ ಎಳೆದಿರಲಿಲ್ಲ. ಚಿತ್ರ ಬರೆಯುವ ದುಬಾರಿ, ದಪ್ಪನೆಯ 300 ಜಿಎಸ್‌ಎಂ ಹಾಳೆ ಕಂಡರೇ ಕೈ ಹಿಂದೆ ಸರಿಯುತ್ತಿತ್ತು, ಕೆಟ್ಟುಹೋದರೆ? ಅವತ್ತು ನಿಮ್ಮ ಪೇಪರ್ ಅಂಗಡಿಯಲ್ಲಿ ಅಂಥದ್ದೇ ಇನ್ನೊಂದು ಪ್ಯಾಡ್ ಹಿಡಿದು ಸುಮ್ಮನೆ ನಿಂತಿದ್ದೆ. ಕಟಿಂಗ್ ಮಷಿನ್ ಹತ್ತಿರದಿಂದ ನೀವು, "ಬರೆಯೋಕಾ ಮೇಡಂ, ಇಟ್ಕೊಳ್ಳೋಕಾ?" ಅಂದಿರಿ. ನಗು ಬಂತು, ಕಣ್ಣಲ್ಲಿ ನೀರೂ. ನೀವು ಮತ್ತೇನೂ ಕೇಳಲಿಲ್ಲ. ಕೆಳಗೆ ಬಿದ್ದಿದ್ದ ಅಂಚಿನ ಚೂರುಗಳನ್ನು ಆಯ್ದು, ಮೇಜಿಗೆ ಕುಟ್ಟಿ ಸಮ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟಿರಿ. "ದಿನಕ್ಕೊಂದು ಹಾಳು ಮಾಡಿ. ಮುಗಿದ್ರೆ ಬನ್ನಿ." ದುಡ್ಡು ಕೊಡಹೋದರೆ ಮಷಿನ್ ಕಡೆ ತಿರುಗಿಬಿಟ್ಟಿರಿ.

ಮೊದಲ ದಿನ ಕಾಫಿ ಲೋಟ ಬರೆದೆ. ಮರುದಿನ ಅದೇ ಲೋಟ, ಇನ್ನೂ ಸೊಟ್ಟ. ಆದರೂ ಹಗುರಾಗಿತ್ತು, ಹೇಗೂ ಚೂರು ತಾನೆ!

ನಿನ್ನೆ ಕಟ್ಟು ಮುಗಿಯಿತು. ಶನಿವಾರ ಬರ್ತೀನಿ ಅಣ್ಣಾ. ನಿಮ್ಮ ಮಷಿನ್ ಚಿತ್ರ ತರ್ತೀನಿ, ಹಿಡಿಕೆ ಸ್ವಲ್ಪ ಸೊಟ್ಟಗಿದೆ.