ಮರೀಬಾದಲ್ಲಿರುವ ತಂಗಿಯ ಮಗಳಿಗೆ

ಇಂಗಮ್, ಉತ್ತರ ಕ್ವೀನ್ಸ್‌ಲ್ಯಾಂಡ್, ಆಸ್ಟ್ರೇಲಿಯಾ
ಆಗಸ್ಟ್ 1957

ಮಗಳೇ,

ನಿನ್ನ ಕಾಗದ ಸೇರಿತು. ಮಗುವಿಗೆ ಹಲ್ಲು ಬಂದದ್ದು, ಹೊಗೆಸೊಪ್ಪಿನ ಸಸಿಗೆ ನೀರು ಸಾಲದ್ದು, ನಿಮ್ಮಮ್ಮ ಊರಿಂದ ಬರೆದದ್ದು ಎಲ್ಲಾ ಓದಿದೆ. ಅದಕ್ಕೆಲ್ಲ ಇನ್ನೊಮ್ಮೆ ಬರೆಯುತ್ತೇನೆ. ಆದರೆ ಮೊಟ್ಟೆಯ ಲೆಕ್ಕಕ್ಕೂ ಸೀಮೆಎಣ್ಣೆಯ ಬೆಲೆಗೂ ನಡುವೆ ಒಂದು ಮಾತು ತುರುಕಿದ್ದೀಯಲ್ಲ, ಅದು ನನ್ನ ತಲೆ ತಿನ್ನುತ್ತಿದೆ. "ರಾತ್ರಿ ಇವರ ಕೆಮ್ಮು ಕೇಳುತ್ತಾ ಮಲಗಿರುತ್ತೇನೆ. ಇವರಿಗೆ ಏನಾದರೂ ಆದರೆ ಈ ದೇಶದಲ್ಲಿ ನಾನು ಯಾರು, ಜಿಯಾ?" ಅಂತ ಈ ದೊಡ್ಡಮ್ಮನನ್ನು ಕೇಳಿದ್ದೀಯ.

ಅಷ್ಟು ಬರೆದು ನೇರ ಸೀಮೆಎಣ್ಣೆಗೆ ಹೋಗಿಬಿಟ್ಟಿದ್ದೀಯ. ನಾನೂ ಊರಿಗೆ ಹಾಗೇ ಬರೆಯುತ್ತಿದ್ದೆ. ಹೆದರಿಕೆಯ ಮಾತನ್ನು ಸಾಮಾನಿನ ಬೆಲೆಗಳ ನಡುವೆ ಸೇರಿಸಿದರೆ ಯಾರೂ ಗಮನಿಸಲ್ಲ ಅಂದುಕೊಂಡು. ನಿಜಕ್ಕೂ ಯಾರೂ ಗಮನಿಸಲಿಲ್ಲ.

"ಏನೂ ಆಗಲ್ಲ, ಮಡೊನ್ನಾ ಮೇರಿತಾಯಿ ಕಾಯುತ್ತಾಳೆ" ಅಂತ ನಿಮ್ಮಮ್ಮ ಬರೆದಾಳು. ಅವಳು ಬರೆಯಲಿ, ಅಮ್ಮನಾದವಳು ಹಾಗೇ ಬರೆಯಬೇಕು. ನನಗೆ ಕೈ ಬರುತ್ತಿಲ್ಲ. ನಿನ್ನ ಆ ಪ್ರಶ್ನೆ ನನ್ನ ಮನೆ ಬಾಗಿಲಿಗೆ ಎರಡು ಸಲ ಬಂದು ಹೋಗಿದೆ.

ಮದುವೆಗೆ ಮುಂಚೆ ನಾನು ಯಾರು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಇಟಲಿಯ ನಮ್ಮ ಮೊನ್ಫೆರಾತೊ ಗುಡ್ಡದ ಹುಡುಗಿಯರೆಲ್ಲ ಬೇಸಿಗೆಯಲ್ಲಿ ವೆರ್ಚೆಲ್ಲಿಯ ಭತ್ತದ ಗದ್ದೆಗೆ ಕಳೆ ಕೀಳಲು ಹೋಗುತ್ತಿದ್ದೆವಲ್ಲ, ನಿಮ್ಮಮ್ಮನೂ ಬಂದಿದ್ದಳು. ಸುಮಾರು 40 ದಿನದ ಕೆಲಸ. ಮೊಣಕಾಲ ತನಕ ನೀರು, ಬೆನ್ನು ಬಗ್ಗಿಸಿದರೆ ನೆಟ್ಟಗೆ ಮಾಡಲು ಬಿಡುತ್ತಿರಲಿಲ್ಲ, ಕಾಲಿಗೆಲ್ಲ ಜಿಗಣೆ. ಆದರೆ ಕೊನೆಯ ದಿನ ಹೆಸರು ಕೂಗಿ ಕೂಲಿ ಕೊಡುತ್ತಿದ್ದರು. ದುಡ್ಡು, ಜೊತೆಗೆ ಅಕ್ಕಿ. ಆ ಚೀಲ ನನ್ನ ಹೆಸರಿನದ್ದು. ಮನೆಗೆ ಬಂದ ಮೇಲೆ ಅಪ್ಪ ಅದನ್ನು ತೆಗೆದುಕೊಳ್ಳುತ್ತಿದ್ದರು ಬಿಡು, ಆದರೂ ರೈಲಿನಲ್ಲಿ ಬರುವಷ್ಟು ಹೊತ್ತು ಅದು ನನ್ನದೇ.

1927ರಲ್ಲಿ ಇಲ್ಲಿಗೆ ಬಂದ ಮೇಲೆ ನನ್ನ ಹೆಸರು ಯಾವ ಕಾಗದದ ಮೇಲೂ ಬರಲಿಲ್ಲ. ಹಡಗಿನ ಕಥೆ ನೀನು ಕೇಳಿ ಕೇಳಿ ಸಾಕಾಗಿರಬೇಕು, ಬಿಡುತ್ತೇನೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕಬ್ಬು ಕಡಿಯುವ ಗ್ಯಾಂಗಿಗೆ ಅಡುಗೆ ಮಾಡುತ್ತಿದ್ದೆ, ಬಟ್ಟೆ ಒಗೆಯುತ್ತಿದ್ದೆ, ಹಸು, ಕೋಳಿ, ತರಕಾರಿ ಮಡಿ, ನಡುನಡುವೆ ಹೆರಿಗೆ. ಯಾರಾದರೂ ಬಂದರೆ "ಯಜಮಾನರು ಇದ್ದಾರಾ?" ಅನ್ನುತ್ತಿದ್ದರು. ಇಲ್ಲ ಅಂದರೆ ವಾಪಸ್. ನಾನು ಅಲ್ಲೇ ನಿಂತಿರುತ್ತಿದ್ದೆ.

ಮೊದಲ ಸಲ ಆ ಪ್ರಶ್ನೆ ಬಂದದ್ದು ಇಲಿ ಜ್ವರದ ವರ್ಷ, 1934ರಲ್ಲಿ. ಒದ್ದೆ ಕಬ್ಬಿನ ಗದ್ದೆಯಲ್ಲಿ ಇಲಿ ಉಚ್ಚೆ ಹೊಯ್ದಿರುತ್ತದೆ. ಕಡಿಯುವವರ ಕೈಯಲ್ಲಿ ಗಾಯ ಇಲ್ಲದ ದಿನವೇ ಇಲ್ಲ. ಅದರಿಂದ ಒಳಗೆ ಹೋಗುತ್ತಿತ್ತು. ನಿಮ್ಮ ಜಿಯೋ, ನನ್ನ ಯಜಮಾನರು, ಮಧ್ಯಾಹ್ನ ಮನೆಗೆ ನಡೆದು ಬಂದರು. ಸುಗ್ಗಿಯಲ್ಲಿ ಗಂಡಸು ಮಧ್ಯಾಹ್ನ ಮನೆಗೆ ಬರಲ್ಲ, ನೋಡಿದ ಕೂಡಲೇ ಎದೆ ಧಸಕ್ ಅಂತು. ಕಣ್ಣು ಕೆಂಡದ ಹಾಗೆ. ಬೂಟು ಬಿಚ್ಚಲು ಮೀನಖಂಡ ಹಿಡಿದರೆ ಚೀರಿದರು. ಆಮೇಲೆ ಮೈ ಹಳದಿ ಆಯಿತು. ಅದೇ ಜ್ವರದಲ್ಲಿ ಈ ಕಡೆ ಕೆಲವರು ಸತ್ತರು. ಇವರು ಉಳಿದರು. ಮಾರನೆಯ ವರ್ಷ, 1935ರಲ್ಲಿ, ಸುಟ್ಟ ಕಬ್ಬನ್ನೇ ಕಡಿಯುತ್ತೇವೆ, ಹಸಿ ಕಬ್ಬು ಮುಟ್ಟಲ್ಲ ಅಂತ ಕಡಿಯುವವರು ಮುಷ್ಕರ ಹೂಡಿದರು. ಬೆಂಕಿ ಹಾಕಿದರೆ ಇಲಿ ಓಡುತ್ತದೆ, ರವದಿ ಸುಟ್ಟು ಹೋಗುತ್ತದೆ. ಸುಟ್ಟ ಕಬ್ಬಿಗೆ ಬೆಲೆ ಕಡಿಮೆ ಅಂತ ರೈತರು ಗೊಣಗುತ್ತಿದ್ದರು. ಬೆಲೆಯಂತೆ! ಆ ಮಸಿ ಬಟ್ಟೆಯಿಂದ ಹೋಗಲ್ಲ ಅಂತ ಹೆಂಗಸರೂ ಗೊಣಗುತ್ತಿದ್ದರು. ನಾನು ಮಾತ್ರ ಯಾವತ್ತೂ ಗೊಣಗಲಿಲ್ಲ. ಖುಷಿಯಿಂದ ಒಗೆದೆ.

ಆ ಜ್ವರದ ರಾತ್ರಿಗಳಲ್ಲಿ ನಾನೂ ನಿನ್ನ ಹಾಗೇ ಉಸಿರು ಎಣಿಸುತ್ತಾ ಮಲಗಿದ್ದೆ. ಇವರು ಹೋದರೆ ನಾನು ಎಲ್ಲಿಗೆ ಹೋಗಲಿ? ಇಂಗ್ಲಿಷ್ ಬರಲ್ಲ. ಸಾಲ ಎಷ್ಟಿದೆ, ಯಾರಿಗೆ ಕೊಡಬೇಕು ಗೊತ್ತಿಲ್ಲ. ಇವರು ಎದ್ದು ಕೂತ ಮೇಲೆ ಕೇಳಬೇಕು ಅಂದುಕೊಂಡೆ. ಎದ್ದು ಕೂತ ಮೇಲೆ ಕೇಳಲಿಲ್ಲ. ಉಳಿದ ಗಂಡನ ಮುಂದೆ ಸಾಲದ ಮಾತು ತೆಗೆದರೆ ಸಾವನ್ನು ಕಾಯುತ್ತಿದ್ದೆ ಅಂದುಕೊಂಡಾರು ಅಂತ ಸುಮ್ನಾದೆ. ನಿನಗೂ ಅದೇ ಸಂಕೋಚ ಇರಬೇಕು, ಅಲ್ವಾ? ನನ್ನ ಮಾತು ಕೇಳು, ಅವರು ಕೆಮ್ಮದೆ ಇರುವ ದಿನ ನೋಡಿ ಕೇಳು. ನಿಮ್ಮದು ಪಾಲಿನ ಬೇಸಾಯ. ಕರಾರು ಬರವಣಿಗೆಯಲ್ಲಿದೆಯಾ, ಬರೀ ಬಾಯಿ ಮಾತಾ? ಇದ್ದರೆ ಆ ಕಾಗದ ಎಲ್ಲಿದೆ? ಅಷ್ಟು ತಿಳಿದುಕೊಂಡರೂ ಸಾಕು. ಹೇಳಿಕೊಡಲು ನಾನು ದೊಡ್ಡವಳೇನಲ್ಲ, ನಾನೇ ಕೇಳಿದವಳಲ್ಲ.

ಎರಡನೆಯ ಸಲದ ಕಥೆ ನಿಮಗೆ ಯಾರೂ ಸರಿಯಾಗಿ ಹೇಳಿಲ್ಲ. ನಿಮ್ಮ ಜಿಯೋ ಹೇಳಲ್ಲ, ನಾನು ಊರಿಗೆ ಬರೆಯಲೂ ಆಗಲಿಲ್ಲ, ಆಗ ಅಂಚೆಯೇ ಇರಲಿಲ್ಲ. 1940ರ ಜೂನ್ 10ಕ್ಕೆ ಮುಸೊಲಿನಿ ಯುದ್ಧಕ್ಕಿಳಿದ. ಅವತ್ತಿಂದ ನಾವು ಇಲ್ಲಿ ಶತ್ರುಗಳು. 1942ರಲ್ಲಿ ಜಪಾನಿನವರು ಸಿಂಗಾಪುರ ಹಿಡಿದು ಡಾರ್ವಿನ್ ಮೇಲೆ ಬಾಂಬು ಹಾಕಿದ ಮೇಲೆ ಈ ಕಡೆಯ ಗಂಡಸರನ್ನು ಮನೆ ಮನೆಯಿಂದ ಎಬ್ಬಿಸಿಕೊಂಡು ಹೋದರು. ದೇಶದಲ್ಲೆಲ್ಲ ಸೇರಿ ನಾಲ್ಕು ಸಾವಿರಕ್ಕೂ ಜಾಸ್ತಿ ಇಟಲಿಯವರನ್ನು ಹಿಡಿದಿಟ್ಟರಂತೆ. ಇಲ್ಲಿ ಪೌರತ್ವ ಪಡೆದು ಬ್ರಿಟಿಷ್ ಪ್ರಜೆ ಅಂತ ಕಾಗದ ಇದ್ದವರನ್ನೂ ಬಿಡಲಿಲ್ಲ, ನಿಮ್ಮ ಜಿಯೋ ಹತ್ತಿರವೂ ಆ ಕಾಗದ ಇತ್ತು. ಪೊಲೀಸರು ರೇಡಿಯೋ ತೆಗೆದುಕೊಂಡರು, ಕೋವಿ ತೆಗೆದುಕೊಂಡರು, ಇವರನ್ನೂ ಕರೆದುಕೊಂಡು ಹೋದರು. ಎಲ್ಲಿಗೆ ಅಂತ ತಿಳಿಯಲು ತುಂಬಾ ದಿನ ಬೇಕಾಯಿತು. ದಕ್ಷಿಣ ಆಸ್ಟ್ರೇಲಿಯಾದ ಲವ್‌ಡೇ ಬಂಧನ ಕ್ಯಾಂಪು. ಇಡೀ ದೇಶ ದಾಟಿ ಆ ತುದಿ.

ಗದ್ದೆಯಲ್ಲಿ ಕೂಳೆ ಕಬ್ಬು ಎದೆಯೆತ್ತರ ನಿಂತಿತ್ತು. ಅದಕ್ಕೆ ಯುದ್ಧ ಗೊತ್ತಾ? ಪಟ್ಟಣದ ಬ್ಯಾಂಕಿಗೆ ಹೋದರೆ ಯಜಮಾನರ ಸಹಿ ಬೇಕು ಅಂದರು. ಯಜಮಾನರನ್ನು ಹಿಡಿದಿಟ್ಟಿದ್ದಾರೆ ಅಂತ ಹೇಳಲು ನನಗೆ ಇಂಗ್ಲಿಷ್ ಮಾತು ಸಿಗಲಿಲ್ಲ. ಎರಡು ಕೈ ಜೋಡಿಸಿ ಬೇಡಿ ಹಾಕಿದ ಹಾಗೆ ತೋರಿಸಿದೆ. ಸರತಿಯಲ್ಲಿ ನಿಂತವರು ನಕ್ಕರು. ಪಕ್ಕದ ಫಾರ್ಮಿನ ಆಸ್ಟ್ರೇಲಿಯಾದ ಹೆಂಗಸೊಬ್ಬಳು ಮಾರನೆಯ ವಾರ ಟೋಪಿ, ಕೈಗವಸು ಹಾಕಿಕೊಂಡು ನನ್ನ ಜೊತೆ ಬಂದಳು. ಆಮೇಲೆ ಕ್ಯಾಂಪಿಗೆ ಬರೆದು ಪವರ್ ಆಫ್ ಅಟಾರ್ನಿ ತರಿಸಿದೆವು. ಅವಳು ಯಾಕೆ ಬಂದಳೋ ಇವತ್ತಿಗೂ ಗೊತ್ತಿಲ್ಲ, ಅವಳ ಮಗ ನಮ್ಮ ಇಟಲಿಯವರ ವಿರುದ್ಧವೇ ಆಫ್ರಿಕಾದಲ್ಲಿ ಯುದ್ಧ ಮಾಡುತ್ತಿದ್ದ. ನಿನ್ನ ಅಕ್ಕಪಕ್ಕದಲ್ಲಿ ಅಂಥವಳು ಯಾರಾದರೂ ಇದ್ದಾಳಾ? ಮೊಟ್ಟೆ ಕೊಡುವ ನೆಪದಲ್ಲಾದರೂ ಹೋಗು. ನಮ್ಮವರ ಜೊತೆ ಮಾತ್ರ ಇರಬೇಡ. ಅವತ್ತು ನಮ್ಮವರೆಲ್ಲ ನನ್ನ ಜೊತೆಗೇ ಅದೇ ಹೊಂಡದಲ್ಲಿದ್ದರು.

ಕಡಿಯಲು ಆಳಿಲ್ಲ. ಗಂಡಂದಿರು ಕ್ಯಾಂಪಿನಲ್ಲಿದ್ದ ಹೆಂಗಸರು ಸೇರಿ ಮುಯ್ಯಾಳು ಮಾಡಿಕೊಂಡೆವು. ಇವತ್ತು ನನ್ನ ಗದ್ದೆ, ನಾಳೆ ನಿನ್ನದು. ದೊಡ್ಡವನಿಗೆ ಹದಿನಾಲ್ಕು. ಶಾಲೆ ಬಿಡಿಸಿದೆ. ಕುದುರೆ ಹೂಡಿ ಕಬ್ಬು ತುಂಬುವ ಕೆಲಸಕ್ಕೆ ಹಾಕಿದೆ. ಅವನ ಮೇಷ್ಟ್ರು ಮನೆ ತನಕ ಬಂದು ಹುಡುಗ ಚುರುಕು ಅಂದರು. ಅವರಿಗೆ ಕಾಫಿ ಕೊಟ್ಟು ಕಳಿಸಿದೆ. ಅವನು ಇವತ್ತಿಗೂ ಒಂದು ಮಾತು ಎತ್ತಿಲ್ಲ. ಅವನ ತಮ್ಮ ಟೌನ್ಸ್‌ವಿಲ್‌ನಲ್ಲಿ ಆಫೀಸಿನಲ್ಲಿ ಕೂತು ಬರೆಯುತ್ತಾನೆ, ಇವನ ಬೆರಳು ಸರಿಯಾಗಿ ಮಡಚಲು ಬರಲ್ಲ. ಇದನ್ನು ಯಾಕೆ ನಿನಗೆ ಬರೆಯುತ್ತಿದ್ದೇನೋ.

ಒಂದು ವಿಷಯ ಮಾತ್ರ ಹೇಳಲೇಬೇಕು. ಮಿಲ್ಲಿನಿಂದ ತೂಕದ ಚೀಟಿ ಬರುತ್ತಿತ್ತು. ಟನ್ ಎಷ್ಟು, ಪಕ್ಕದಲ್ಲಿ ಇನ್ನೊಂದು ಅಂಕಿ. ಅದು ಕಬ್ಬಿನ ಸಕ್ಕರೆ ಅಂಶ. ಒಂದೇ ತೂಕಕ್ಕೆ ಒಂದು ವಾರ ಜಾಸ್ತಿ ದುಡ್ಡು, ಇನ್ನೊಂದು ವಾರ ಕಡಿಮೆ. ಮೋಸ ಮಾಡುತ್ತಿದ್ದಾರೆ ಅಂದುಕೊಂಡೆ. ಒಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಸುಗ್ಗಿಯ ಚೀಟಿಗಳನ್ನೆಲ್ಲ ಅಡುಗೆಮನೆ ಮೇಜಿನ ಮೇಲೆ ದಿನದ ಪ್ರಕಾರ ಸಾಲಾಗಿ ಇಟ್ಟೆ. ಹಾರಿಹೋಗದಂತೆ ಮೇಲೆ ಬೀನ್ಸ್ ಕಾಳು. ನೋಡುತ್ತಾ ನೋಡುತ್ತಾ ಹೊಳೆಯಿತು. ಶುಕ್ರವಾರ ಸುಟ್ಟು ಶನಿವಾರ ಕಡಿದು, ಮಿಲ್ಲಿಗೆ ಕಬ್ಬು ಸಾಗಿಸುವ ಟ್ರಾಮ್ ಹಳಿ ಪಕ್ಕದಲ್ಲಿ ಭಾನುವಾರ ಕಳೆದ ಕಬ್ಬಿಗೇ ಸಕ್ಕರೆ ಇಳಿದಿತ್ತು. ಸುಟ್ಟು ಕಡಿದ ಕಬ್ಬು ಕಾಯಬಾರದು. ಮುಂದಿನ ವಾರದಿಂದ ಶುಕ್ರವಾರ ಬೆಂಕಿ ಹಾಕುವುದನ್ನೇ ಬಿಟ್ಟೆವು. ಅಂಕಿ ಏರಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಭಯದಿಂದ ಅಲ್ಲ.

1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾಯಿತು. ಆಮೇಲೆ ಒಬ್ಬೊಬ್ಬರನ್ನೇ ಬಿಟ್ಟರು. ಇವರು 1944ರಲ್ಲಿ ಬಂದರು. ಸೊರಗಿದ್ದರು, ಮಾತು ಕಡಿಮೆ ಆಗಿತ್ತು. ಊಟ ಆದ ಮೇಲೆ ಲೆಕ್ಕದ ಪುಸ್ತಕ, ಚೀಟಿಯ ಡಬ್ಬಿ ತಂದು ಅವರ ಮುಂದೆ ಇಟ್ಟೆ. ಅವರು ಕೇಳಿರಲಿಲ್ಲ. ಯಾರೂ ಇಡು ಅಂದಿರಲಿಲ್ಲ. ಹಾಗೇ ಮಾಡಬೇಕು ಅಂತ ಅನ್ನಿಸಿತು, ಇಟ್ಟೆ. ಅವರು ಪುಟ ತಿರುಗಿಸಿ ತಲೆಯಾಡಿಸಿದರು. ಹೇಗೆ ನಿಭಾಯಿಸಿದೆ ಅಂತ ಕೇಳಲಿಲ್ಲ. ಭಾನುವಾರದ ಕಬ್ಬಿನ ವಿಷಯ ಹೇಳಲು ಹೋದೆ. "ಅದು ಗೊತ್ತಿರುವುದೇ" ಅಂದರು. ಒಳ್ಳೆಯ ಮನುಷ್ಯ, ನಿನಗೆ ಗೊತ್ತಲ್ಲ, ನನ್ನ ಮೇಲೆ ಒಂದು ದಿನ ಕೈ ಎತ್ತಿಲ್ಲ. ಆದರೆ ಆ ಪುಸ್ತಕ ಮತ್ತೆ ನನ್ನ ಕೈಗೆ ಬರಲಿಲ್ಲ. ಈಗ ಮಗನ ಹತ್ತಿರ ಇದೆ. ನಾಳೆ ಸೊಸೆಯ ಕೈಗಾದರೂ ಹೋಗುತ್ತದಾ ನೋಡಬೇಕು.

ಆದ್ದರಿಂದ, ಅವರಿಗೆ ಏನಾದರೂ ಆದರೆ ನಾನು ಯಾರು ಅಂತ ಕೇಳಿದೆಯಲ್ಲ, ಅದಕ್ಕೆ ನನ್ನ ಹತ್ತಿರ ಉತ್ತರ ಇದೆ. ಏನೂ ಆಗದಿದ್ದರೆ ಯಾರು ಅನ್ನುವುದಕ್ಕೇ ಇಲ್ಲ. ಅವರು ಇಲ್ಲದಾಗ ನಾನು ಯಾರು ಅಂತ ಈ ಊರಿಗೆಲ್ಲ ಗೊತ್ತಾಗಿತ್ತು.

ನಿನಗೆ ಧೈರ್ಯ ಹೇಳಲು ಕೂತು ಏನೇನೋ ಬರೆದೆ. ಈ ಮುದುಕಿಯ ಮಾತಿನಲ್ಲಿ ಬೇಕಾದ್ದು ಆರಿಸಿಕೋ. ಸರ್ಕಾರದ ಮಕ್ಕಳ ಭತ್ಯೆ ತಾಯಿಗೇ ಬರುತ್ತದೆ, ಮೊದಲ ಮಗುವಿಗೆ ವಾರಕ್ಕೆ 5 ಶಿಲಿಂಗ್, ಆಮೇಲಿನ ಮಕ್ಕಳಿಗೆ 10. ಅರ್ಜಿ ಹಾಕಿದ್ದೀಯಾ? ಅದನ್ನು ನಿನ್ನ ಹೆಸರಿನ ಪುಸ್ತಕದಲ್ಲೇ ಇಡು. ಹಿಟ್ಟಿನ ಡಬ್ಬಿಯಲ್ಲಲ್ಲ, ಬ್ಯಾಂಕಿನಲ್ಲಿ. ಅಳಿಯಂದಿರು ಬೇಜಾರು ಮಾಡಿಕೊಂಡರೆ ಜಿಯಾ ಹೇಳಿದಳು ಅನ್ನು. ಹೊಗೆಸೊಪ್ಪು ಮಾರಿದಾಗ ಬರುವ ಚೀಟಿಯನ್ನೂ ನೋಡು. ಎಲೆ ಕಡ್ಡಿಗೆ ಕಟ್ಟುವವಳು ನೀನು, ರಾತ್ರಿಯೆಲ್ಲ ಎಲೆ ಒಣಗಿಸುವ ಬ್ಯಾರನ್‌ಗೆ ಸೌದೆ ಹಾಕುವುದರಲ್ಲೂ ಅರ್ಧ ನೀನೇ ಇರುತ್ತೀಯ. ಯಾವ ಎಲೆಗೆ ಎಷ್ಟು ಬಂತು ಅಂತ ತಿಳಿಯಲು ನಿನಗೆ ಯಾರ ಅಪ್ಪಣೆ ಬೇಕು? ಟಿನರೂ ಅಣೆಕಟ್ಟು ಮುಗಿದರೆ ನಿಮ್ಮ ಕಡೆ ನೀರಿನ ಗೋಳು ತಪ್ಪುತ್ತದೆ ಅನ್ನುತ್ತಾರೆ. ಆಗ ಸ್ವಂತ ಜಮೀನು ತೆಗೆದುಕೊಳ್ಳುವ ಮಾತು ಬಂದೇ ಬರುತ್ತದೆ. ಆ ದಿನ ನೀನೂ ಮೇಜಿನ ಹತ್ತಿರ ಕೂತಿರು. ಕಾಫಿ ಬೇಕಾದರೆ ಅವರೇ ಮಾಡಿಕೊಳ್ಳಲಿ.

ಮತ್ತೆ ಆ ಕೆಮ್ಮು. ಅದಕ್ಕೇ ಬರೆಯಲು ಕೂತದ್ದು, ಎಲ್ಲೆಲ್ಲೋ ಹೋದೆ. ಸೊಪ್ಪಿನ ಧೂಳು, ಬ್ಯಾರನ್ ಹೊಗೆ ಅಂತ ಅವರು ಹೇಳುತ್ತಾರೆ ಅಂತ ಬರೆದಿದ್ದೀಯ. ಇರಬಹುದು. ರಾತ್ರಿ ಬೆವರುತ್ತಾರಾ? ತೂಕ ಇಳಿದಿದೆಯಾ? ಕಫದಲ್ಲಿ ಕೆಂಪು ಕಾಣುತ್ತಾ? ಒಂದಕ್ಕೆ ಹೌದು ಅಂದರೂ ಕಾಯಬೇಡ, ಸಸಿ ನೆಡುವ ಕೆಲಸ ನಿಂತರೆ ನಿಲ್ಲಲಿ. ಎದೆಯ ಎಕ್ಸ್‌ರೇ ಮಾಡಿಸು. ಈ ರಾಜ್ಯದಲ್ಲಿ ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿಗೆ ದುಡ್ಡಿಲ್ಲ, 1946ರಿಂದಲೂ ಇಲ್ಲ. ದುಡ್ಡಾಗುತ್ತದೆ ಅಂತ ಅವರು ನೆಪ ತೆಗೆದರೆ ನಂಬಬೇಡ. ಡಾಕ್ಟರ ಹತ್ತಿರ ನೀನೂ ಒಳಗೆ ಹೋಗು. ಹೊರಗೆ ಬೆಂಚಿನ ಮೇಲೆ ಕೂರಬೇಡ.

ಎಕ್ಸ್‌ರೇ ಆಯಿತಾ ಇಲ್ಲವಾ ಅಂತ ಮರುಟಪಾಲಿಗೆ ಬರೆ. ಬೇರೆ ಏನೂ ಬರೆಯದಿದ್ದರೂ ನಡೆಯುತ್ತದೆ. ಈ ಕಾಗದ ಬಚ್ಚಿಡಬೇಡ, ಅಳಿಯಂದಿರು ಓದಿದರೆ ಓದಲಿ.

ನಿನ್ನ ಜಿಯಾ