ಮಗಳಿಗೊಂದು ಪತ್ರ: ಮೊದಲು ಬಾಟ್ಲಿ, ಆಮೇಲೆ ಜೆಟ್

ಪ್ರೀತಿಯ ಪುಟ್ಟಿ,

ನಿನ್ನ ಡ್ರ್ಯಾಗ್ ರೇಸ್ ಗಾಡಿಗೆ ನೈಟ್ರಸ್ ಜೆಟ್ (ಎಂಜಿನ್‌ಗೆ ಎಷ್ಟು ನೈಟ್ರಸ್ ಆಕ್ಸೈಡ್ ಹೋಗಬೇಕು ಅಂತ ಅಳೆದು ಬಿಡುವ ಸಣ್ಣ ತೂತಿನ ತುಂಡು) ಒಂದು ಸೈಜ್ ದೊಡ್ಡದು ಹಾಕಲಾ ಅಂತ ಕೇಳಿದ್ದೀಯ. ಈಗಲೇ ಬೇಡ. ನೀನು ಕಳಿಸಿದ ರನ್ ಪಟ್ಟಿಯಲ್ಲಿ ಟೈಮ್ ಇದೆ, ಸ್ಪೀಡ್ ಇದೆ, ಜೆಟ್ ನಂಬರ್ ಇದೆ. ಬಾಟ್ಲಿ ಪ್ರೆಶರ್ ಮಾತ್ರ ಒಂದು ಕಡೆಯೂ ಬರೆದಿಲ್ಲ. ಅದಿಲ್ಲದೆ ಉಳಿದ ಅಂಕಿಗಳನ್ನು ಇಟ್ಟುಕೊಂಡು ನಾನೇನು ಹೇಳಲಿ?

ನೈಟ್ರಸ್ ಬಾಟ್ಲಿಯಲ್ಲಿ ಇರುವುದು ದ್ರವ. ಅದು ಎಷ್ಟು ಬಿಸಿ ಇದೆಯೋ ಅದರ ಮೇಲೆ ಪ್ರೆಶರ್. 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 750 ಪಿಎಸ್ಐ ಇರುತ್ತದೆ. ಸಾಮಾನ್ಯವಾಗಿ ಟ್ಯೂನ್ ಮಾಡುವುದು 900ರಿಂದ 950ಕ್ಕೆ. ಬೆಳಗ್ಗೆ ತಣ್ಣಗಿದ್ದಾಗ ನೈಟ್ರಸ್ ಕಡಿಮೆ ಹೋಗುತ್ತದೆ, ಪೆಟ್ರೋಲ್ ಮಾತ್ರ ಅಷ್ಟೇ ಹೋಗುತ್ತದೆ, ಗಾಡಿ ರಿಚ್ ಆಗಿ, ಅಂದರೆ ಪೆಟ್ರೋಲ್ ಹೆಚ್ಚಾಗಿ ಓಡುತ್ತದೆ. ಮಧ್ಯಾಹ್ನ ಬಾಟ್ಲಿ ಕಾದಾಗ ಅದೇ ಜೆಟ್ ಲೀನ್ ಆಗುತ್ತದೆ, ಅಂದರೆ ಪೆಟ್ರೋಲ್ ಸಾಲುವುದಿಲ್ಲ. ನೀನು ಏನನ್ನೂ ಮುಟ್ಟಿರುವುದಿಲ್ಲ, ಆದರೂ ಟ್ಯೂನ್ ಬದಲಾಗಿರುತ್ತದೆ. ಅದಕ್ಕೇ ಹೀಟರ್ ಬ್ಲಾಂಕೆಟ್ ಸುತ್ತಿ, ಪ್ರತಿ ರನ್‌ಗೂ ಗೇಜ್ ಒಂದೇ ಕಡೆ ನಿಲ್ಲುವ ಹಾಗೆ ನೋಡಿಕೊ. ಬಾಟ್ಲಿಗೆ ಬೆಂಕಿ ತೋರಿಸಿ ಬಿಸಿ ಮಾಡುವವರು ಕಂಡರೆ ಅವರ ಹತ್ತಿರ ಕೂಡ ನಿಲ್ಲಬೇಡ.

ಬಾಟ್ಲಿಯನ್ನು ಆಗಾಗ ತೂಕ ಮಾಡು. ಗೇಜ್ ಚೆನ್ನಾಗಿ ತೋರಿಸುತ್ತಿದ್ದರೂ ಒಳಗೆ ದ್ರವ ತಳ ಹಿಡಿದಿರಬಹುದು. ಲಾಂಚ್ ಆದಾಗ ದ್ರವ ಹಿಂದಕ್ಕೆ ನುಗ್ಗುತ್ತದೆ ಅಲ್ವಾ, ಒಳಗಿನ ಪೈಪಿನ ತುದಿ ಹಿಂದೆ, ಕೆಳಗೆ ಇರಬೇಕು. ಸ್ಟಾರ್ಟ್ ಲೈನ್‌ನಲ್ಲಿ ಸ್ಟೇಜ್ ಮಾಡುವ ಮೊದಲು ಪರ್ಜ್ ಮಾಡು, ಅಂದರೆ ನೈಟ್ರಸ್ ಪೈಪಿನೊಳಗಿನ ಗಾಳಿಯನ್ನು ಹೊರಗೆ ಬಿಡು. ತುಂಬಾ ಹೊತ್ತು ನಿಂತ ನಲ್ಲಿ ತಿರುಗಿಸಿದರೆ ಮೊದಲು ಗಾಳಿ ಬುಸ್ ಅನ್ನುತ್ತದಲ್ಲ, ಆ ಲೈನ್‌ನಲ್ಲೂ ಹಾಗೇ. ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್) ತನಕ ದ್ರವ ಬಂದರೆ ಸಾಕು. ಜನರಿಗೆ ಬಿಳಿ ಹೊಗೆ ತೋರಿಸುವುದಕ್ಕೆ ಬಾಟ್ಲಿ ಖಾಲಿ ಮಾಡುವವರಿದ್ದಾರೆ, ಅವರ ಪಾಡಿಗೆ ಅವರನ್ನು ಬಿಡು.

ಇನ್ನು ಪೆಟ್ರೋಲ್ ವಿಷಯ. ನೈಟ್ರಸ್ ತಾನೇ ಉರಿಯುವುದಿಲ್ಲ. ತೂಕದಲ್ಲಿ ಗಾಳಿಯಲ್ಲಿ ಸುಮಾರು 23 ಪರ್ಸೆಂಟ್ ಆಮ್ಲಜನಕ, ನೈಟ್ರಸ್‌ನಲ್ಲಿ 36. ಎಂಜಿನ್ ಸಿಲಿಂಡರ್‌ನ ಬಿಸಿಗೆ ಅದು ಒಡೆದು ಆಮ್ಲಜನಕ ಬಿಡುತ್ತದೆ. ಅದಕ್ಕೆ ತಕ್ಕ ಪೆಟ್ರೋಲ್ ಸಿಗದಿದ್ದರೆ ಪಿಸ್ಟನ್ ಕರಗುತ್ತದೆ. ಎಂಜಿನ್ ಹೋದಾಗ ಎಲ್ಲರೂ ನೈಟ್ರಸ್‌ಗೆ ಬೈಯುತ್ತಾರೆ. ಬಹಳ ಸಲ ತಪ್ಪು ಇರುವುದು ಪೆಟ್ರೋಲ್ ಕಡೆ. ನಿನ್ನದು ವೆಟ್ ಕಿಟ್, ನೈಟ್ರಸ್ ಜೊತೆ ಪೆಟ್ರೋಲನ್ನೂ ತಾನೇ ಕೊಡುವಂಥದ್ದು, ಹಾಗಾಗಿ ಪೆಟ್ರೋಲ್ ಪ್ರೆಶರನ್ನು ಸೊಲೆನಾಯ್ಡ್ ತೆರೆದು, ಪೆಟ್ರೋಲ್ ಹರಿಯುತ್ತಿರುವಾಗಲೇ ಅಳೆ. ಸುಮ್ನೆ ನಿಂತಾಗ ಚೆಂದ ತೋರಿಸುವ ಗೇಜ್, ಹರಿವು ಶುರುವಾದ ಕೂಡಲೇ ಬಿದ್ದುಬಿಡಬಹುದು. ಮೊದಲು ರಿಚ್ ಕಡೆಯಿಂದಲೇ ಶುರು ಮಾಡು.

ಟೈಮಿಂಗ್ ಹಿಂದಕ್ಕೆ ತರಲೇಬೇಕು, ಅಂದರೆ ಪ್ಲಗ್ ಕಿಡಿ ಸ್ವಲ್ಪ ತಡವಾಗಿ ಹಾರಬೇಕು. ನೈಟ್ರಸ್ ಸೇರಿದ ಮಿಶ್ರಣ ಬೇಗ ಉರಿಯುತ್ತದೆ, ಹಳೇ ಟೈಮಿಂಗ್‌ನಲ್ಲಿ ಒತ್ತಡದ ತುದಿ ಬೇಗ ಬಂದುಬಿಡುತ್ತದೆ. ಎಷ್ಟು ಡಿಗ್ರಿ ಅನ್ನುವುದಕ್ಕೆ ಕಿಟ್ ಜೊತೆ ಬಂದ ಹಾಳೆಯಿಂದ ಶುರು ಮಾಡು, ಪಿಟ್‌ನಲ್ಲಿ ಯಾರೋ ಹೇಳಿದ ಅಂಕಿಯಿಂದ ಅಲ್ಲ.

ಆಮೇಲೆ ಪ್ಲಗ್. ಒಂದು ಹೆಜ್ಜೆ ಕೋಲ್ಡ್ ಪ್ಲಗ್ (ತನ್ನ ಬಿಸಿಯನ್ನು ಬೇಗ ಬಿಟ್ಟುಕೊಡುವ ಪ್ಲಗ್) ಹಾಕು. ಫಿನಿಶ್ ಲೈನ್ ದಾಟಿ ನೈಟ್ರಸ್ ನಿಂತ ಮೇಲೆ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಹಾಗೇ ಉರುಳಿಕೊಂಡು ಬಾ. ಐಡಲ್‌ನಲ್ಲಿ ಪಿಟ್ ತನಕ ಬಂದರೆ ಮಸಿ ಕೂತು ರನ್ನಿನ ಗುರುತು ಮುಚ್ಚಿಹೋಗುತ್ತದೆ. ಪ್ಲಗ್ಗಿನ ಬಿಳಿ ಪಿಂಗಾಣಿಯನ್ನು ಲೆನ್ಸ್ ಹಿಡಿದು ನೋಡು. ಮೆಣಸಿನ ಪುಡಿ ಉದುರಿದ ಹಾಗೆ ಕಪ್ಪು ಚುಕ್ಕೆ ಇದ್ದರೆ ಡೆಟೋನೇಶನ್ (ಮಿಶ್ರಣ ಕ್ರಮವಾಗಿ ಉರಿಯದೆ ತಾನಾಗೇ ಸಿಡಿಯುವುದು) ಶುರುವಾಗಿದೆ ಅಂತ. ಮಿನುಗುವ ಬೆಳ್ಳಿ ಬಣ್ಣದ ಕಣ ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ಅವತ್ತು ಗಾಡಿ ಪ್ಯಾಕ್ ಮಾಡಿಬಿಡು. ಗ್ರೌಂಡ್ ಸ್ಟ್ರಾಪ್‌ನಲ್ಲಿ (ಪ್ಲಗ್ ತುದಿಯ ಬಾಗಿದ ಲೋಹದ ಪಟ್ಟಿ) ಬಣ್ಣ ಬದಲಾಗುವ ಗೆರೆ ಎಲ್ಲಿದೆ ಅಂತಲೂ ನೋಡು. ಟೈಮಿಂಗ್ ಸರಿ ಇದೆಯಾ ಅನ್ನುವುದಕ್ಕೆ ನಾನು ನಂಬುವುದು ಅದನ್ನೇ.

ವೀಲಿ ಬರುತ್ತಿದೆ ಅಂದೆಯಲ್ಲ, ಅದಕ್ಕೆ ಪ್ರೋಗ್ರೆಸಿವ್ ಕಂಟ್ರೋಲರ್ ಇದೆ. ಅದರಲ್ಲಿ ಶುರುವಿಗೆ ನೈಟ್ರಸ್ ಕಡಿಮೆ ಬಿಟ್ಟು ನಿಧಾನಕ್ಕೆ ಏರಿಸು. ಪೂರ್ತಿ ಥ್ರಾಟಲ್ ಕೊಟ್ಟಾಗ ಮಾತ್ರ ನೈಟ್ರಸ್ ಬಿಡುವ ಸ್ವಿಚ್, ಎಂಜಿನ್ ಸುತ್ತು ಗೊತ್ತಾದ ಮಿತಿಯೊಳಗಿದ್ದಾಗ ಮಾತ್ರ ಬಿಡುವ ಆರ್‌ಪಿಎಂ ವಿಂಡೋ, ಎರಡನ್ನೂ ಬೈಪಾಸ್ ಮಾಡಬೇಡ.

ಮುಂದಿನ ಸಲ ಜೆಟ್ ಮುಟ್ಟದೆ ಒಂದೇ ಪ್ರೆಶರ್‌ನಲ್ಲಿ ಮೂರು ರನ್ ಮಾಡು. ಪಟ್ಟಿಯಲ್ಲಿ ಬಾಟ್ಲಿ ಪ್ರೆಶರ್, ಬಾಟ್ಲಿ ತೂಕ, ಪೆಟ್ರೋಲ್ ಪ್ರೆಶರ್ ಸೇರಿಸು. ಎಲ್ಲಾ ಸಿಲಿಂಡರ್‌ಗಳ ಪ್ಲಗ್‌ಗಳನ್ನೂ ಸಾಲಾಗಿ ಇಟ್ಟು, ನಂಬರ್ ಬರೆದು, ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಕಳಿಸು. ಫ್ಲ್ಯಾಶ್ ಹಾಕಬೇಡ, ಚುಕ್ಕೆ ಕಾಣುವುದಿಲ್ಲ. ಅದನ್ನು ನೋಡಿ ಜೆಟ್ ಮಾತು ಆಡೋಣ.

ಇಂತಿ,
ಅಪ್ಪ